ನಾರು ಬಲ್ಲ ತಾತನಿಗೆ ಹೂವು ಗೊತ್ತಿರಲಿಲ್ಲ

ಮಂಡಿನೋವು ಯಾರ ಮನೆಯಲ್ಲಿಲ್ಲ ಹೇಳಿ? ಹಗ್ಗದ ತಾತನಿಗೂ ಇತ್ತು. ನಲವತ್ತು ವರ್ಷ ಉದ್ದನೆಯ ಚಪ್ಪರದಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹಗ್ಗ ಹೊಸೆದವರು ಅವರು. ಈಗ ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

"ಮಾವ, ಒಂದ್ಸಲ ಆಸ್ಪತ್ರೆಗೆ ಹೋಗಿಬರೋಣ" ಎಂದು ಸೊಸೆ ಕರೆದಾಗಲೆಲ್ಲ ತಾತ ನಗೆಯಲ್ಲಿ ತೇಲಿಸಿಬಿಡುತ್ತಿದ್ದರು. "ಅಲ್ಲಿ ಸಾಲಲ್ಲಿ ನಿಲ್ಲೋಕೂ ಮಂಡಿ ಬೇಕಲ್ಲಮ್ಮ!"

ಒಂದು ದಿನ ಹಳೆಯ ಗೆಳೆಯನೊಬ್ಬ ಕಾಗದದಲ್ಲಿ ಸುತ್ತಿದ, ಯಾವುದೋ ಗಿಡದ ಒಣಗಿದ ತುದಿಗಳನ್ನು ತಂದುಕೊಟ್ಟ. "ಹಾಲಲ್ಲಿ ಕುದಿಸಿ ಕುಡಿ. ನೋವು ಹೇಳಹೆಸರಿಲ್ಲದೆ ಹೋಗುತ್ತೆ."

ತಾತ ಮೂಸಿ ನೋಡಿದರು. ಗಾಂಜಾ! ಆದರೂ ಹೆದರಲಿಲ್ಲ. ಅದೇ ಜಾತಿಯ ಗಿಡದ ಕಾಂಡ ನೆನೆಹಾಕಿ, ಸಿಪ್ಪೆ ಸುಲಿದು, ನಾರು ತೆಗೆದು ಹಗ್ಗ ಮಾಡಿದ ಕೈ ಅದು. 'ಇಷ್ಟು ವರ್ಷ ಮುಟ್ಟಿದ್ದೀನಿ, ನನಗೇನಾಯ್ತು? ಗಿಡ ತಾನೇ' ಎಂದುಕೊಂಡರು.

ಮರುದಿನ ಬೆಳಿಗ್ಗೆ ಸೊಸೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಆ ತುದಿಗಳನ್ನು ಹಾಕಿ ಹಾಲು ಕುದಿಸಿದರು, ಸಕ್ಕರೆ ಹಾಕಿದರು. ಅರ್ಧ ಕುಡಿದು, ಉಳಿದದ್ದು ಸಂಜೆಗಿರಲಿ ಎಂದು ಲೋಟವನ್ನು ಕಿಟಕಿಯಲ್ಲಿಟ್ಟು ಒರಗಿದರು.

ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಳು. ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುತ್ತಿದ್ದುದಕ್ಕೆ ಎಲ್ಲರೂ ಅವಳನ್ನು ಬುಗುರಿ ಎನ್ನುತ್ತಿದ್ದರು. ತಾತ ಕಣ್ಣುಬಿಟ್ಟಾಗ ಲೋಟ ಖಾಲಿ. ಬುಗುರಿಯ ತುಟಿಯ ಮೇಲೆ ಹಾಲಿನ ಮೀಸೆ.

ತಾತ ಗಾಬರಿಯಿಂದ ಅವಳನ್ನು ಹತ್ತಿರ ಎಳೆದು ನೋಡಿದರು. ಆದರೆ ಮಗು ನಗುತ್ತಿತ್ತು. ಏನೂ ಆಗಲಿಲ್ಲವಲ್ಲ ಎಂದು ತಾತ ತುಟಿ ಬಿಚ್ಚಲಿಲ್ಲ.

ಗಂಟೆ ಕಳೆಯಿತು. ಬುಗುರಿ ತೂರಾಡತೊಡಗಿದಳು. ಕಣ್ಣು ಕೆಂಪಾದವು. ಆಮೇಲೆ ಬಾಗಿಲ ಬಳಿಯೇ ಕುಸಿದು ಕೂತವಳು ಎಷ್ಟು ಅಲುಗಿಸಿದರೂ ಕಣ್ಣು ತೆರೆಯಲಿಲ್ಲ. ತಾತನ ಮಗ ಲಾರಿಯ ಮೇಲೆ ದೂರ ಹೋಗಿದ್ದ. ಸೊಸೆ ಒದ್ದೆ ಸೆರಗಿನಲ್ಲೇ ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದಳು. ತಾತ ತಲೆ ಸುತ್ತುತ್ತಿದ್ದರೂ ಕೋಲೂರಿಕೊಂಡು ಹಿಂದೆಯೇ ಕುಂಟಿದರು.

"ಏನಾದ್ರೂ ತಿಂದಳಾ? ಕುಡಿದಳಾ? ತಲೆಗೆ ಪೆಟ್ಟು?" ನರ್ಸಮ್ಮ ಒಂದೇ ಉಸಿರಿನಲ್ಲಿ ಕೇಳಿದರು.

"ಏನೂ ಇಲ್ಲ ಸಿಸ್ಟರ್. ಚೆನ್ನಾಗೇ ಆಡ್ತಿದ್ದಳು" ಎಂದಳು ಸೊಸೆ.

ಡಾಕ್ಟರು ಬಂದು ನೋಡಿದರು. ಕಾರಣ ತಿಳಿಯದೆ ಮಿದುಳಿನ ಜ್ವರವಿರಬಹುದೆಂದರು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಲು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದರು.

ತಾತ ಬಾಗಿಲ ಬಳಿ ನಿಂತು ಲೆಕ್ಕ ಹಾಕುತ್ತಿದ್ದರು. ಹೇಳಿದರೆ ಪೊಲೀಸರು ಬಂದಾರು. ಮಗನಿಗೆ ಯಾವ ಮುಖ ತೋರಿಸುವುದು? ಅಷ್ಟರಲ್ಲಿ ಮಂಚದ ಮೇಲೆ ಬುಗುರಿಯ ಉಸಿರು ಒಮ್ಮೆ ನಿಧಾನವಾಯಿತು.

"ಗಾಂಜಾ ಹಾಲು" ಎಂದುಬಿಟ್ಟರು ತಾತ. "ನನ್ನ ಲೋಟದ್ದು. ಕುಡಿದು ಎರಡು ಗಂಟೆ ಆಗಿರಬೇಕು." ಜೇಬಿನಲ್ಲಿದ್ದ ಪೊಟ್ಟಣವನ್ನೂ ಮುಂದಿಟ್ಟರು.

ನರ್ಸಮ್ಮ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ತಾತ. ಈಗ ನಮಗೆ ದಾರಿ ಸಿಕ್ತು."

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಬೆನ್ನಿನ ಸೂಜಿ ತಪ್ಪಿತು. ಮಗುವಿಗೆ ಡ್ರಿಪ್ ಹಾಕಿ, ಉಸಿರಾಟ, ನಾಡಿ ನೋಡುತ್ತ ನರ್ಸಮ್ಮ ಪಕ್ಕದಲ್ಲೇ ಕೂತರು. ಮರುದಿನ ಬೆಳಿಗ್ಗೆ ಬುಗುರಿ ಕಣ್ಣುಬಿಟ್ಟು, "ತಾತ, ಯಾಕೆ ಅಳ್ತಿದೀಯ?" ಎಂದಳು. ತಾತನ ಅಳು ಇನ್ನೂ ಜೋರಾಯಿತು.

ಸೊಸೆ ಮಾತ್ರ ಅವರತ್ತ ತಿರುಗಿಯೂ ನೋಡಿರಲಿಲ್ಲ.

"ಒಂದು ಮಾತು ಕೇಳ್ಲಾ ಅಮ್ಮ?" ತಾತ ನರ್ಸಮ್ಮನ ಹತ್ತಿರ ತಗ್ಗಿದ ದನಿಯಲ್ಲಿ ಕೇಳಿದರು. "ನಲವತ್ತು ವರ್ಷ ಮುಟ್ಟಿದ ಗಿಡ. ಮುಟ್ಟಿದ್ದಕ್ಕೆ ನನಗೇನೂ ಆಗಿಲ್ಲ. ಇದು ಹೇಗೆ?"

"ನೀವು ಮುಟ್ಟಿದ್ದು ಕಾಂಡ, ಅದೂ ನಾರಿಗಂತಲೇ ಬೆಳೆಸಿದ ತಳಿ. ಅದರಲ್ಲಿ ಅಮಲು ಇಲ್ಲ ಅನ್ನೋಷ್ಟು ಕಡಿಮೆ. ಇಲ್ಲಿ ನೋಡಿ." ಮುಳ್ಳು ತೆಗೆಯಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ನರ್ಸಮ್ಮ ಪೊಟ್ಟಣದ ಮೇಲೆ ಹಿಡಿದರು. "ಈ ಗಿಡದಲ್ಲಿ ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಗಿಡ ಪರಾಗ ಉದುರಿಸಿ ಒಣಗುತ್ತೆ. ಇದು ಹೆಣ್ಣು ಗಿಡದ ಹೂಗೊಂಚಲು. ಈ ಕಂದು ಎಳೆ ಇದೆಯಲ್ಲ, ಅದು ಪರಾಗ ಹಿಡಿಯೋಕೆ. ಬುಡದಲ್ಲಿ ಹೂವನ್ನ ಅಪ್ಪಿಕೊಂಡಿರೋ ಪುಟ್ಟ ಎಲೆ ಮೇಲೆ ಏನು ಕಾಣ್ತಿದೆ?"

"ಸಕ್ಕರೆ ಉದುರಿಸಿದ ಹಾಗೆ... ಅಲ್ಲ, ಗುಂಡುಸೂಜಿ ತರ, ತಲೆ ಇರೋ ಕೂದಲು!"

"ಆ ತಲೆಯೊಳಗೆ ಅಂಟು ತುಂಬಿದೆ. ಅಮಲು ಜಾಸ್ತಿ ಇರೋದು ಅಲ್ಲೇ. ಬೆರಳು ಬಿಚ್ಚಿದ ಹಾಗಿರೋ ದೊಡ್ಡ ಎಲೇಲಿ ಕಡಿಮೆ, ಆದ್ರೆ ಇಲ್ಲ ಅಂತಲ್ಲ. ಬೀಜದೊಳಗೆ ಇರಲ್ಲ, ಆದ್ರೆ ಹೊರಗಿನ ಸಿಪ್ಪೆಗೆ ಅಂಟು ಮೆತ್ತಿಕೊಂಡಿರಬಹುದು. ಈ ಅಂಟು ನೀರಲ್ಲಿ ಸರಿಯಾಗಿ ಕರಗಲ್ಲ, ಕೊಬ್ಬಲ್ಲಿ ಕರಗುತ್ತೆ. ನೀವು ಹಾಲಲ್ಲೇ ಕುದಿಸಿದ್ರಿ."

"ಅಯ್ಯೋ, ನಾನೇ ಅಮಲನ್ನ ಹಾಲಿಗೆ ಇಳಿಸಿ ಕೊಟ್ಟ ಹಾಗಾಯ್ತು."

"ಇನ್ನೊಂದು. ಹೊಟ್ಟೆಗೆ ಹೋದ್ರೆ ಕೂಡಲೇ ಗೊತ್ತಾಗಲ್ಲ. ಒಂದೆರಡು ಗಂಟೆ ಬಿಟ್ಟು ಏರುತ್ತೆ, ಬೇಗ ಇಳಿಯಲ್ಲ. ಮಗು ನಗ್ತಿದೆ ಅಂತ ಸುಮ್ಮನಿರಬಾರದು. ಎಷ್ಟು ಅಮಲಿದೆ ಅಂತ ನೋಡಿದ್ರೆ ದೊಡ್ಡವರಿಗೇ ತಿಳಿಯಲ್ಲ. ಅಷ್ಟು ಚಿಕ್ಕ ಮೈ ಹೇಗೆ ತಡೆಯುತ್ತೆ?"

ಆಗ ಸೊಸೆ ಮೊದಲ ಸಲ ಮಾವನತ್ತ ತಿರುಗಿದಳು. "ಅಷ್ಟು ನೋವಿದೆ ಅಂತ ನಗದೆ ಹೇಳಿದ್ರೆ ನಾನೇ ಹೊತ್ಕೊಂಡು ಬರ್ತಿದ್ದೆ ಮಾವ."

"ತಪ್ಪಾಯ್ತಮ್ಮ" ಎಂದರು ತಾತ. ಅವಳು ಕಣ್ಣೊರೆಸಿಕೊಂಡು ಅವರ ಕೋಲು ಎತ್ತಿಕೊಟ್ಟಳು.

ಡಾಕ್ಟರು ತಾತನ ಮಂಡಿಯನ್ನೂ ನೋಡಿದರು. ಮಾತ್ರೆ ಬರೆದರು, ಕೂತಲ್ಲೇ ಕಾಲು ನೀಡುವ ವ್ಯಾಯಾಮ ಕಲಿಸಿದರು. ನೋವು ಪೂರ್ತಿ ಹೋಗಲಿಲ್ಲ, ಆದರೆ ತಡೆದುಕೊಳ್ಳುವಷ್ಟಾಯಿತು. ತಾತ ಸುಮ್ಮನೆ ಕೂರಲಿಲ್ಲ. ಗೆಳೆಯನ ಮನೆಗೇ ಹೋಗಿ, "ನಿನ್ನ ಮನೇಲೂ ಮೊಮ್ಮಕ್ಕಳಿದ್ದಾರೆ ಕಣೋ" ಎಂದು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿಬಂದರು.

ಅಕ್ಕಂದಿರೇ, ಅಣ್ಣಂದಿರೇ, ಗಿಡ ಎಂದ ಮಾತ್ರಕ್ಕೆ ಅದು ಔಷಧವಲ್ಲ. ಮೈಯಲ್ಲಿ ನೋವಿದ್ದರೆ ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಗಾಂಜಾ ಬೆರೆತ ಹಾಲು, ಉಂಡೆ, ಮಿಠಾಯಿ ಯಾವುದನ್ನೂ ಮನೆಯೊಳಗೆ ತರಬೇಡಿ. ಕೈತಪ್ಪಿ ಮಗುವಿನ ಬಾಯಿಗೆ ಹೋಯಿತೇ? ವಾಂತಿ ಮಾಡಿಸಲು ಹೋಗಬೇಡಿ, ಕಾದು ನೋಡೋಣ ಎನ್ನಬೇಡಿ. ಉಳಿದದ್ದನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಓಡಿ. ಅಲ್ಲಿ ನಾಚಿಕೆ, ಹೆದರಿಕೆ ಬದಿಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೇಳಿದವರು ಏನಂದುಕೊಂಡಾರು ಎಂದು ಯೋಚಿಸಬೇಡಿ, ಮೊದಲು ಮಗು ಉಳಿಯಲಿ.