ಎಡಗಡೆಯ ಜಾಳಿ

ಇದು ಚುಚ್ಚುತ್ತದೆ — ಕುತ್ತಿಗೆಯ ಕೆಳಗೆ, ಸರ ಕೂರುವ ಆ ಮೆತ್ತನೆಯ ಜಾಗದಲ್ಲಿ ದಾರದ ಉಂಡೆ ಒತ್ತಿ ಹಿಡಿದು ಹತ್ತು ಎಣಿಸುವ ಮೊದಲೇ ರತ್ನಮಾಲಾಗೆ ಗೊತ್ತಾಯಿತು, ಮೇಲೆ ರೇಷ್ಮೆಯ ಹಾಗೆ ಹೊಳೆಯುತ್ತದೆ, ಒಳಗೆಲ್ಲ ನೈಲಾನು, ಬೇಡ, ಮುಂದಿನದು — ಮುಂದಿನದೂ ಬೇಡ, ನುಣುಪೇನೋ ಇದೆ, ಆದರೆ ಕೈಯಲ್ಲಿ ಹಿಡಿದರೇ ಬೆವರುತ್ತದೆ. ಹುಮನಾಬಾದ್ ಬಜಾರಿನ ಈ ದಾರದ ಅಂಗಡಿಯಲ್ಲಿ ಫ್ಯಾನು ತಿರುಗುತ್ತಲೇ ಇದೆ, ತಗಡಿನ ಬಿಸಿಯನ್ನೇ ತಂದು ತಲೆಯ ಮೇಲೆ ಸುರಿಯುತ್ತಿದೆ, ಅಂಗಡಿಯ ಅತಿಯಾ ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡು ಕೇಳುತ್ತಾಳೆ, ಅಕ್ಕಾ, ನೀವ್ ಬರೋದು ದೀಪಾವಳಿ ಟೈಮಿಗಲ್ಲೇನ್ರಿ, ಮೇ ತಿಂಗಳದಾಗ ಯಾರ್ರೀ ಹೆಣಿಕಿ ಹಾಕ್ತಾರ? ನಾದಿನಿಗವ್ವಾ, ಹಗೂರಂದು ಟಾಪ್ ಬೇಕಾಗೇದ ಎಂದಷ್ಟೇ ರತ್ನಮಾಲಾ ಹೇಳಿದಳು, ಉಳಿದದ್ದನ್ನು ಹೇಗೆ ಹೇಳುವುದು, ಯಾವ ನಾದಿನಿ, ಏನಾಗಿದೆ, ಯಾಕೆ ಇಷ್ಟು ಉಂಡೆಗಳನ್ನು ಕುತ್ತಿಗೆಗೆ ಒತ್ತಿ ನೋಡುತ್ತಿದ್ದೇನೆ — ಇಪ್ಪತ್ತು ವರ್ಷದಿಂದ ಬಸವಕಲ್ಯಾಣದಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಸ್ವೆಟರು, ಮಂಕಿ ಕ್ಯಾಪು, ಕೂಸಿನ ಸಾಕ್ಸು ಹೆಣೆದು ಕೊಟ್ಟವಳು, ಬೇಸಿಗೆಗೆಂದು ಒಂದು ಕುಣಿಕೆಯನ್ನೂ ಹಾಕಿದವಳಲ್ಲ, ಈ ಬೆರಳುಗಳಿಗೆ ಗೊತ್ತಿರುವುದು ಗಾಳಿಯನ್ನು ಹೊರಗಿಡುವ ಕೆಲಸ, ಈಗ ಅದೇ ಬೆರಳುಗಳು ಗಾಳಿಯನ್ನು ಒಳಗೆ ಕರೆಯಬೇಕು.

ಹೋದ ವಾರ ನೋಡಿದ್ದು ಹಾಗೇ ಕಣ್ಣಿಗೆ ಅಂಟಿಕೊಂಡಿದೆ — ಕೂಲರಿನ ಮುಂದೆ ನಾದಿನಿ ಪೂನಂ, ನೈಟಿಯ ಮೇಲೆ ಉಣ್ಣೆಯ ಸ್ವೆಟರು, ಗುಂಡಿಗಳೆಲ್ಲ ಕುತ್ತಿಗೆಯ ತನಕ, ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿಯುತ್ತಿದ್ದ ಮಧ್ಯಾಹ್ನ. ದೀಪಾವಳಿ ಮುಗಿದ ವಾರ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಅವಳ ಎಡಗಡೆಯ ಎದೆ ತೆಗೆದಾಗ, ಚಳಿಗಿರಲಿ ಎಂದು ರತ್ನಮಾಲಾಳೇ ಹೆಣೆದು ಕೊಟ್ಟ ಸ್ವೆಟರು ಅದು, ಆಮೇಲೆ ಸಲೈನಿನಲ್ಲಿ ಔಷಧಿ, ಕೂದಲು ಉದುರಿದ್ದು, ಏಪ್ರಿಲ್ ತುಂಬ ಕರೆಂಟಿನ ಶೇಕ, ಅದೇ ರೇಡಿಯೇಶನ್ನು, ಚರ್ಮ ಸುಟ್ಟ ರೊಟ್ಟಿಯ ಹಾಗಾಗಿದೆ ವೈನಿ ಎಂದು ಫೋನಿನಲ್ಲಿ ನಕ್ಕಿದ್ದಳು, ನಕ್ಕಿದ್ದೇ ಹೆಚ್ಚು ಹೆದರಿಸಿತ್ತು. ತೆಗೀಯವ್ವಾ, ಶೆಕಿಗಿ ಸಾಯ್ತಿ ಅಂದರೆ ಕೇಳಲಿಲ್ಲ, ಇರಲಿ ಬಿಡ್ರಿ ವೈನಿ, ಯಾರರ ಬರ್ತಾರ, ನೋಡ್ತಾರ. ಯಾರೂ ಬರುವವರಿರಲಿಲ್ಲ. ಮತ್ತೆ ನಿನ್ನೆ ಅವಳ ಗಂಡ ಅಜೀತನ ಫೋನು, ವೈನಿ, ಅಕಿ ನೌಕರಿ ಬಿಡ್ತೀನಂತ ಅರ್ಜಿ ಬರದಿಟ್ಟಾಳ್ರಿ, ಶಾಲಿ ಸುರು ಆಗೋದ್ರಾಗ ಕೊಡ್ತೀನಿ ಅನ್ನಾಕತ್ತಾಳ, ಬ್ಲೌಸ್ ಹಾಕ್ಕೊಳ್ಳಾಕ ಬರಂಗಿಲ್ಲ, ಸ್ವೆಟರ್ ಹಾಕ್ಕೊಂಡು ಹುಡುಗರ ಮುಂದ ಹ್ಯಾಂಗ ನಿಂದರ್ಲಿ ಅಂತಾಳ — ಹದಿನಾಲ್ಕು ವರ್ಷ ಹುಡಗಿ ಎಂಬ ಊರಿನ ಶಾಲೆಯಲ್ಲಿ ಮಗ್ಗಿ ಕಲಿಸಿದವಳು, ಹುಡುಗರ ಗದ್ದಲವಿಲ್ಲದ ಭಾನುವಾರ ತಲೆನೋವು ಬರುತ್ತದೆ ಅನ್ನುತ್ತಿದ್ದವಳು, ಒಂದು ಬ್ಲೌಸಿಗಾಗಿ ಎಲ್ಲ ಬಿಟ್ಟು ಕೂರುತ್ತಾಳಂತೆ.

ಅದಕ್ಕೇ ಮೊಬೈಲಿನಲ್ಲಿ ಮೂರು ನಮೂನೆ ಹುಡುಕಿಟ್ಟುಕೊಂಡು ಬೆಳಗಿನ ಬಸ್ಸಿಗೇ ಬಂದದ್ದು, ದಾರಿಯುದ್ದಕ್ಕೂ ನೋಡಿದ್ದೇ ನೋಡಿದ್ದು — ಮೊದಲನೆಯದು ತೋಳಿಲ್ಲದ್ದು, ಭುಜಕ್ಕೆ ಬರೀ ಎರಡು ಪಟ್ಟಿ, ತೂಕವೇ ಇಲ್ಲ, ಆದರೆ ಗಾಯ ಕಂಕುಳಿನ ತನಕ ಹೋಗಿದೆ, ಕಾಣುತ್ತದೆ, ಬೇಡ. ಎರಡನೆಯದು ಚಂದ, ಕುತ್ತಿಗೆಯಿಂದ ಸುತ್ತಲೂ ಬೇವಿನೆಲೆಯಂಥ ಎಲೆಗಳು ಇಳಿಯುತ್ತ ಅಗಲವಾಗುತ್ತವೆ, ಎಲ್ಲೂ ಜೋಡಣೆ ಇಲ್ಲ, ಆದರೆ ತಲೆಯ ಮೇಲಿಂದ ಹಾಕಿಕೊಳ್ಳಬೇಕು, ಪೂನಂಳ ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಕೊಹಿನೂರ ಹಳ್ಳಿಗೆ ತಾನು ಸೊಸೆಯಾಗಿ ಬಂದ ವರ್ಷ ಗಂಡ ದೇವಿದಾಸನ ಈ ತಂಗಿಗೆ ಹನ್ನೊಂದು ವರ್ಷ, ಅವಳಿಗೊಂದು ಕೆಂಪು ಸ್ವೆಟರು ಹೆಣೆದಾಗ ಅರ್ಧಕ್ಕರ್ಧ ಇರುವಾಗಲೇ ಎರಡೂ ಕೈ ಮೇಲೆತ್ತಿಕೊಂಡು ಎದುರಿಗೆ ಬಂದು ನಿಲ್ಲುತ್ತಿದ್ದಳು, ಹಾಕ್ರಿ ವೈನಿ, ಹಾಕಿ ನೋಡ್ರಿ, ಇನ್ನೂ ಕಡ್ಡಿ ಅದರಾಗ ಅದ ಹುಚ್ಚಿ, ಚುಚ್ಚತದ — ಕೇಳುತ್ತಿದ್ದಳೇ, ಕೈ ಇಳಿಸುತ್ತಲೇ ಇರಲಿಲ್ಲ. ಹಾಗಾದರೆ ಮೂರನೆಯದೇ, ಮುಂದೆ ತೆರೆದು ಗುಂಡಿ ಹಾಕುವಂಥದು, ಮೊಳಕೈ ತನಕ ಸಡಿಲ ತೋಳು, ಮೈಯೆಲ್ಲ ಜಾಳಿ, ಎರಡು ಕುಣಿಕೆ ಕೂಡಿಸು, ದಾರ ಒಂದು ಸುತ್ತು ತಾ, ಅಲ್ಲೊಂದು ತೂತು — ಮತ್ತೆ ಅಲ್ಲೇ ತೊಡಕು, ಜಾಳಿಯೊಳಗಿಂದ ಎಡಗಡೆಯ ಸಪಾಟು ಕಾಣುವುದಿಲ್ಲವೇ? ಬಸ್ಸು ರಾಜೇಶ್ವರ ದಾಟುವಾಗ ಹೊಳೆದದ್ದು ಅದಕ್ಕೇ, ಎಡಗಡೆಯ ಮುಂಭಾಗ ಮಾತ್ರ ಒತ್ತಾದ ಹೆಣಿಗೆ, ದಪ್ಪ ಎಲೆಗಳ ಎರಡು ಪದರು, ಬಲಗಡೆ ಜಾಳಿ, ಫ್ಯಾಶನ್ ಅಂದುಕೊಳ್ಳುತ್ತಾರೆ ನೋಡಿದವರು, ಯಾರಿಗೂ ತಿಳಿಯುವುದಿಲ್ಲ, ಎಷ್ಟು ಶಾಣ್ಯಾಕಿ ನೀನು ರತ್ನಮಾಲಾ ಎಂದು ತನಗೆ ತಾನೇ ಅಂದುಕೊಂಡಿದ್ದಳು, ಅಳತೆಗೆ ಹಳೆಯ ಮೂವತ್ತಾರೇ ಇರಲಿ, ಸಡಿಲವಾದಷ್ಟೂ ಒಳ್ಳೆಯದು, ಅವಳ ಮೈಗೆ ಟೇಪು ಹಿಡಿಯುವ ಪ್ರಸಂಗವೇ ಬರುವುದಿಲ್ಲ.

ಇದು ನೋಡ್ರಿ ಅಕ್ಕಾ ಎಂದು ಅತಿಯಾ ಕೆಳಗಿನ ಡಬ್ಬಿಯಿಂದ ತೆಗೆದದ್ದು ಸಣ್ಣ ಹತ್ತಿ ದಾರ, ಕಬ್ಬಿನ ಹಾಲಿನ ಬಣ್ಣ, ಕುತ್ತಿಗೆಗೆ ಹಿಡಿದರೆ ಹತ್ತಾಯಿತು, ಇಪ್ಪತ್ತಾಯಿತು, ದಾರ ಅಲ್ಲಿದೆ ಎಂಬುದೇ ಮರೆತುಹೋಯಿತು. ಹತ್ತಿ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ, ಅದಕ್ಕೆ ದಾರ ಸಣ್ಣದು, ಕಡ್ಡಿ ದಪ್ಪ, ಆಗ ಹಗುರ ಬರುತ್ತದೆ. ಆರು ಉಂಡೆ ಚೀಲಕ್ಕೆ ಹಾಕಿಸಿಕೊಂಡು ಹೊರಬಿದ್ದರೆ ಬಿಸಿಲು ಕಪಾಳಕ್ಕೆ ಹೊಡೆದಂತೆ, ಸೆರಗು ತಲೆಯ ಮೇಲೆ, ಕಬ್ಬಿಲ್ಲದ ಖಾಲಿ ಟ್ರ್ಯಾಕ್ಟರು ಹಳ್ಳಿಖೇಡದ ಕಡೆ ದಡಬಡ ಹೋಯಿತು, ಅರ್ಜಿಯ ಮಾತು ತೆಗೆಯಲೋ ಬೇಡವೋ, ಮೊದಲು ದಾರ ತೋರಿಸುತ್ತೇನೆ, ಆಮೇಲೆ ಚಹಾ, ಆಮೇಲೆ.

ಬಜಾರಿನ ಹಿಂದಿನ ಓಣಿಯ ಮನೆ, ಬಾಗಿಲು ತೆರೆದದ್ದು ಪೂನಂಳೇ, ಅದೇ ಸ್ವೆಟರು, ತಲೆಯ ಮೇಲೆ ಅರ್ಧ ಬೆರಳು ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ದಾರ ಮುಟ್ಟಿ, ಕೆನ್ನೆಗೆ ಹಿಡಿದು, ಭಾಳ ಮೆತ್ತಗದ ವೈನಿ ಅಂದಳು, ಮೊಬೈಲಿನಲ್ಲಿ ನಮೂನೆ ನೋಡಿದಳು, ರತ್ನಮಾಲಾ ಹುರುಪಿನಿಂದ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು, ಇದು ಬಲಕ್ಕ, ಎಲ್ಲಾ ಜಾಳಿ, ಇದು ಎಡಕ್ಕ, ಇಲ್ಲಿ ಎರಡು ಪದರು ದಪ್ಪ ಹಾಕ್ತೀನಿ, ಏನೂ ಕಾಣಂಗಿಲ್ಲ ನೋಡು. ಪೂನಂ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಎಡಗಡೆಯ ಗೆರೆಯ ಮೇಲೆ ಬೆರಳಿಟ್ಟಳು. ವೈನಿ, ಸುಡೋದು ಅದೇ ಕಡಿ ಅದರಿ ಅಂದಳು. ಆ ಕಡಿ ಈಗ ಬೆವರೇ ಬರಂಗಿಲ್ಲ, ಬರೇ ಉರೀತದ, ಅಲ್ಲೇ ಎರಡು ಪದರು ಹಾಕ್ತೀರೇನು? ರತ್ನಮಾಲಾ ಪೆನ್ಸಿಲ್ಲು ಕೆಳಗಿಟ್ಟಳು — ಬೆಳಗಿನಿಂದ, ಅಲ್ಲ, ಹೋದ ವಾರದಿಂದ ಒಂದೇ ಯೋಚನೆ, ನೋಡುವವರ ಕಣ್ಣು, ನೋಡುವವರ ಬಾಯಿ, ಆ ಚರ್ಮವನ್ನು ಒಂದು ಸಲವಾದರೂ ನೆನೆದೆಯಾ, ಉಂಡೆ ಉಂಡೆ ಕುತ್ತಿಗೆಗೆ ಒತ್ತಿ ನೋಡಿದವಳು ಗಾಳಿ ಬೇಕಾದ ಜಾಗಕ್ಕೇ ಗೋಡೆ ಕಟ್ಟಲು ಹೊರಟೆಯಲ್ಲ, ಅಷ್ಟಕ್ಕೂ ಆ ಸ್ವೆಟರು ಹಾಕಿಸಿದವರು ಯಾರು, ನೀನೇ. ತಪ್ಪಾತವ್ವಾ ಅನ್ನುವಷ್ಟರಲ್ಲಿ ಪೂನಂ, ಎಡಕ್ಕ ಜಾಳಿ ಹಾಕ್ರಿ, ಇದ್ದಷ್ಟೂ ದೊಡ್ಡ ತೂತು, ಮ್ಯಾಲ ಓಢಣಿ ಇರ್ತದ, ಹುಡುಗರು ನೋಡಿದ್ರ ನೋಡ್ಲಿ, ಮಗ್ಗಿ ತಪ್ಪಿದ್ರ ಮಾತ್ರ ಬಿಡಂಗಿಲ್ಲ. ರತ್ನಮಾಲಾ ಮೆಲ್ಲಗೆ ಕೇಳಿದಳು, ಮತ್ತ ಆ ಅರ್ಜಿ? ಟಾಪ್ ಆಗೋ ತನಕ ಇರಲಿ ಅಲ್ಲೇ, ಎಷ್ಟು ದಿನ ಬೇಕ್ರಿ ನಿಮಗ? ಹನ್ನೆರಡು. ಹತ್ತರಾಗ ಮುಗಿಸ್ರಿ, ಶಾಲಿ ಸುರು ಆಗ್ತದ. ಮತ್ತ ಅಳತಿ ತಗೋರಿ, ಮೂವತ್ತಾರು ಈಗೆಲ್ಲಿ ಅದ.

ಅವಳೇ ಗುಂಡಿ ಬಿಚ್ಚಿದಳು, ಸ್ವೆಟರಿನದು, ನೈಟಿಯದು, ಎಡಗೈಯನ್ನು ಬಲಗೈಯಿಂದ ಹಿಡಿದು ತೋಳಿನಿಂದ ಹೊರಗೆ ತೆಗೆದಳು, ರತ್ನಮಾಲಾ ಸಹಾಯಕ್ಕೆ ಹೋಗಲಿಲ್ಲ, ಕೇಳಿದರೆ ಹೋಗುವುದು. ಚೀಲದ ತಳದಲ್ಲಿ ಟೇಪು ಇತ್ತು, ತಾರದೆ ಇರಬೇಕೆಂದುಕೊಂಡರೂ ಕೈ ತಂದಿತ್ತು. ಎದೆಯ ನಡುವಿನಿಂದ ಬಲಗಂಕುಳಿಗೆ ಒಂಬತ್ತೂವರೆ, ಬರಕೋ ಪೂನಂ, ಹ್ಞೂಂ ಬರದೆ, ಈಗ ಎಡಕ್ಕೆ — ಟೇಪು ಎಲ್ಲಿಯೂ ಏಳದೆ, ಎಲ್ಲಿಯೂ ಬೀಳದೆ ನೇರ ಮಲಗಿತು, ಬೆರಳ ತುದಿಗೆ ಒಣಗಿದ ಎಲೆಯಂಥ ಚರ್ಮ, ಕಪ್ಪು, ನಡುವೆ ಓರೆಯಾದ ಗೆರೆ, ಡಾಕ್ಟರು ಹಾಕಿದ ಹೊಲಿಗೆ ಒತ್ತೊತ್ತಾಗಿದೆ, ಹೊಲಿದ ಕೈ ನೀಟಾದದ್ದೇ ಎಂದು ತನ್ನಷ್ಟಕ್ಕೆ ತಾನೇ ಎಣಿಸುತ್ತಿದೆ ಮನಸ್ಸು, ಎಷ್ಟಾತ್ರಿ ವೈನಿ, ಏಳೂಕಾಲು ಎಂದು ರತ್ನಮಾಲಾ ಗಟ್ಟಿಯಾಗಿಯೇ ಹೇಳಿದಳು, ಏಳೂಕಾಲು ಎಂದು ಪೂನಂ ಬರೆದುಕೊಂಡಳು. ಇನ್ನು ಕುಣಿಕೆ ಎಷ್ಟು ಹಾಕಬೇಕು, ಏಳೂಕಾಲಕ್ಕೆ, ಇಂಚಿಗೆ ನಾಲ್ಕು, ನಾಲ್ಕು ಏಳಲಿ — ಲೆಕ್ಕ ಮುಂದೆ ಹೋಗಲಿಲ್ಲ, ಪೂನಂಳ ಕುತ್ತಿಗೆಯ ಕುಳಿಯಿಂದ ಒಂದು ಬೆವರಹನಿ ಹೊರಟಿತ್ತು, ಎಡಕ್ಕೆ ವಾಲಿತು, ಗೆರೆಯನ್ನು ದಾಟಿತು, ತಡೆಯಲು ಏನೂ ಇಲ್ಲದೆ ನೇರ ಸೊಂಟದ ತನಕ ಇಳಿಯಿತು, ಅದರ ಹಿಂದೆಯೇ ಇನ್ನೊಂದು, ಅದೇ ದಾರಿ, ನೇರ, ಮತ್ತೊಂದು.