ಎರಡನೆಯ ಹನ್ನೊಂದು

ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು, ಪರದೆ ಬೆಳಗಿದೆ ಎಂದು ಅತ್ತೆ ಹೇಳಿದ್ದೂ ಆಗಿತ್ತು, ಆದರೂ ಯಂತ್ರ ತುಟಿ ಬಿಚ್ಚಲಿಲ್ಲ. ಸೊಸೆ ಸ್ಪೀಕರಿನ ವೈರನ್ನು ಎಳೆದು ಮತ್ತೆ ಸಿಕ್ಕಿಸಿದಳು. ಕಿವಿಯನ್ನು ಅದಕ್ಕೇ ಒತ್ತಿ ಹಿಡಿದಳು. ಸದ್ದಿಲ್ಲ.

ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುತ್ತಿದ್ದುದು ಆ ಯಂತ್ರದ ದನಿಯೇ. ಮೂಗಿನಲ್ಲಿ ಮಾತಾಡುವ, ನಡುವೆ ಉಸಿರೂ ಎಳೆದುಕೊಳ್ಳದ ದನಿ. ಅತ್ತೆ ಅದಕ್ಕೆ ಗೊಣಗಪ್ಪ ಎಂದು ಹೆಸರಿಟ್ಟು, ಅದು ಬಾಯಿ ತೆರೆದ ಕೂಡಲೇ ಕೋಣೆಯ ಬಾಗಿಲನ್ನು ಧಡಾರನೆ ಹಾಕಿಬಿಡುತ್ತಿದ್ದರು. ಇವತ್ತು ಗೊಣಗಪ್ಪನ ಬಾಯಿ ಕಟ್ಟಿದ್ದಕ್ಕೆ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಸೊಸೆಯ ಮುಖ ನೋಡಿದ ಮೇಲೆ ಆಗಲಿಲ್ಲ.

ಆಸ್ಪತ್ರೆಯ ವೈದ್ಯರು ಬಾಯಲ್ಲಿ ಹೇಳಿ ರೆಕಾರ್ಡು ಮಾಡಿ ಕಳಿಸಿದ್ದ ವರದಿಯೊಂದನ್ನು ಕೇಳಿ, ಟೈಪು ಮಾಡಿ, ಮಧ್ಯಾಹ್ನದೊಳಗೆ ಕಳಿಸಬೇಕಿತ್ತು. ಅದು ಪರೀಕ್ಷೆ. ಗೆದ್ದರೆ ಮನೆಯಿಂದಲೇ ಕೆಲಸ, ಅವಳ ಬಾಳಿನ ಮೊದಲ ಕೆಲಸ. ಕಡತಗಳು ಬೇಗ ಬರಲಿ ಎಂದು ಗಂಡ ನಿನ್ನೆ ಕಂಪ್ಯೂಟರಿನೊಳಗೆ ಹೊಸದೊಂದು ನೆಟ್‌ವರ್ಕ್ ಕಾರ್ಡು ಕೂರಿಸಿ, ಬೆಳಿಗ್ಗೆ ಎದ್ದು ಡ್ಯೂಟಿಗೆ ಹೋಗಿದ್ದ. ಫೋನು ಮಾಡಿದರೆ, "ಸಂಜೆ ಬಂದು ನೋಡ್ತೀನಿ, ತಲೆ ಕೆಡಿಸ್ಕೋಬೇಡ," ಎಂದ. ಸಹಾಯ ಮಾಡಲು ಹೋಗಿ ಕೆಡಿಸುವುದರಲ್ಲಿ ಅವನದು ಎತ್ತಿದ ಕೈ.

"ಆ ಹೊಸದನ್ನ ಕಿತ್ತು ಬಿಸಾಕು," ಎಂದರು ಅತ್ತೆ.

"ಕಿತ್ರೆ ವರದಿ ಹೋಗೋದು ಹೇಗೆ? ಅದೂ ಬೇಕು, ಈ ದನಿಯೂ ಬೇಕು." ಸೊಸೆ ಕೀಲಿಮಣೆಯನ್ನು ಪಕ್ಕಕ್ಕೆ ತಳ್ಳಿದಳು. "ಅತ್ತೆ, ನಂಗೆ ಇವತ್ತೇ ಕಣ್ಣು ಹೋದ ಹಾಗಾಗಿದೆ."

ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ನಾನು ಓದ್ತೀನಿ. ಏನು ಹೊಡೀಬೇಕೋ ಹೊಡಿ."

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಲೇ ತಲೆ ನರೆಸಿಕೊಂಡವರು ಅವರು. ಇಂಗ್ಲಿಷ್ ಅಕ್ಷರಗಳು ಅವರಿಗೆ ನೀರು ಕುಡಿದಷ್ಟು ಸಲೀಸು. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ತಂತ್ರಾಂಶದ ಗಂಧಗಾಳಿ ಮಾತ್ರ ಇರಲಿಲ್ಲ. ಸೊಸೆಗಾದರೋ ಅದರ ಆದೇಶಗಳೆಲ್ಲ ಬೆರಳ ತುದಿಯಲ್ಲಿದ್ದವು. ಪಟಪಟನೆ ಹೊಡೆದಳು. ಒಳಗೆ ಯಾವ ಯಾವ ಕಾರ್ಡು ಹೇಗೆ ಕೂತಿದೆ ಎಂದು ಹೇಳುವ ಸಾಲುಗಳು ಕಪ್ಪು ಪರದೆಯ ತುಂಬ ಇಳಿದವು.

"ನೆಟ್‌ವರ್ಕ್ ಕಾರ್ಡು ಇದೆ. ಐಆರ್‌ಕ್ಯೂ ಅಂತಿದೆ, ಹನ್ನೊಂದು. ಸೌಂಡ್ ಕಾರ್ಡೂ ಇದೆ. ಆಯ್ತು," ಎಂದು ಅತ್ತೆ ಓದಿ ಮುಗಿಸಿದರು.

ಎರಡೂ ಇವೆಯಲ್ಲ! ಸೊಸೆ ದನಿಯ ಮಟ್ಟ ಏರಿಸಿ ನೋಡಿದಳು. ಸೌಂಡ್ ಕಾರ್ಡನ್ನು ಮತ್ತೆ ಎಬ್ಬಿಸಲು ನೋಡಿದಳು. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಅದು ಜಪ್ಪಯ್ಯ ಎನ್ನಲಿಲ್ಲ. ಅದೇ ಆದೇಶವನ್ನು ಮತ್ತೆ ಹೊಡೆದಳು, ಅತ್ತೆ ಮತ್ತೆ ಓದಿ ಮುಗಿಸಿದರು. ಆಗ ಅವಳ ಕಿವಿ ನಿಮಿರಿತು. ಇಷ್ಟು ಬೇಗ ಮುಗಿಯುವ ಓದಲ್ಲ ಅದು. ಗೊಣಗಪ್ಪನಿಗೆ ಇದಕ್ಕೆ ಇನ್ನೂ ಎಷ್ಟೋ ಹೊತ್ತು ಹಿಡಿಯುತ್ತಿತ್ತು.

"ಅತ್ತೆ, ನಡುವೆ ಏನಾದ್ರೂ ಬಿಟ್ರಾ?"

"ಬಿಡೋದೇನು ಬಂತು? ಒಂದ್ಸಲ ಓದಿದ್ದನ್ನ ಮತ್ತೆ ಯಾಕೆ ಓದ್ಲಿ? ಬಂದದ್ದೇ ಬರ್ತಿದೆ."

ಒಂದೇ ಊರಿನ ಕಾಗದಗಳ ಕಟ್ಟು ಬಂದರೆ ಮೇಲಿನದನ್ನಷ್ಟೇ ಓದಿ, ಇಡೀ ಕಟ್ಟನ್ನು ಖಾನೆಗೆ ತಳ್ಳಿದವರು ಅವರು. ಆ ಅಭ್ಯಾಸ ಎಲ್ಲಿ ಹೋಗಬೇಕು?

"ಸೌಂಡ್ ಕಾರ್ಡಿನ ಕೆಳಗೆ ಬಂದದ್ದೇ ಬಂದಿರೋದು ಏನು?"

"ಅದೇ ಹನ್ನೊಂದು."

ಸೊಸೆ ಮೇಜನ್ನು ಗುದ್ದಿದ ರಭಸಕ್ಕೆ ಅತ್ತೆ ಹೌಹಾರಿದರು.

"ಸಿಕ್ತು ಅತ್ತೆ, ಸಿಕ್ತು! ಐಆರ್‌ಕ್ಯೂ ಅಂದ್ರೆ ಕರೆಗಂಟೆಯ ನಂಬರು ಇದ್ದ ಹಾಗೆ. ಕಂಪ್ಯೂಟರನ್ನ ಕರೆಯೋಕೆ ಎರಡೂ ಕಾರ್ಡು ಒಂದೇ ಕರೆಗಂಟೆ ಹಿಡ್ಕೊಂಡಿವೆ. ನಮ್ಮ ಸೌಂಡ್ ಕಾರ್ಡು ಹಳೇದು, ಹಂಚ್ಕೊಂಡು ಗೊತ್ತಿಲ್ಲ. ಇನ್ನೊಬ್ರು ಗಂಟೆ ಮುಟ್ಟಿದ್ರೆ ಮುನಿಸ್ಕೊಂಡು ಕೂತ್ಬಿಡುತ್ತೆ."

"ಥೇಟ್ ನನ್ನ ಮಗ," ಎಂದರು ಅತ್ತೆ.

ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಅಡ್ಡ ಮಲಗಿಸಿದರು. ಸೊಸೆ ಬಿಚ್ಚಿಕೊಟ್ಟ ತಿರುಪುಗಳನ್ನು ಅತ್ತೆ ಎಡಗೈಯಲ್ಲಿ ಭದ್ರವಾಗಿ ಹಿಡಿದರು. ಸೌಂಡ್ ಕಾರ್ಡನ್ನು ಈ ಸಂದಿಯಿಂದ ಎತ್ತಿ ಆ ಕಡೆಯ ಸಂದಿಗೆ ಕೂರಿಸಿದರೆ ಅದಕ್ಕೆ ಬೇರೆ ಕರೆಗಂಟೆ ಸಿಗಬೇಕು. ಅತ್ತೆ ಬಗ್ಗಿ ನೋಡಿದರು.

"ಒಳಗೆಲ್ಲ ಕತ್ತಲು ಕಣೇ. ನಂಗೇನೂ ಕಾಣಿಸ್ತಿಲ್ಲ."

"ನಂಗೆ ಕಾಣಿಸ್ತಿದೆ," ಎಂದಳು ಸೊಸೆ. ಅವಳ ಬೆರಳುಗಳು ವೈರುಗಳ ನಡುವೆ ಇಳಿದು, ಕಾರ್ಡಿನ ಅಂಚು ಹಿಡಿದು ಮೇಲೆತ್ತಿದವು. ಖಾಲಿ ಸಂದಿಯನ್ನು ಉದ್ದಕ್ಕೂ ಸವರಿ ನೋಡಿ ಕಾರ್ಡನ್ನು ಒತ್ತಿದಳು. ಟಕ್ ಎಂದಿತು.

ಪೆಟ್ಟಿಗೆ ಮುಚ್ಚುವಷ್ಟೂ ತಾಳ್ಮೆಯಿಲ್ಲದೆ ಪ್ಲಗ್ಗು ಸಿಕ್ಕಿಸಿ ಮತ್ತೆ ಹಚ್ಚಿದರು. ಫ್ಯಾನು ತಿರುಗಿತು. ಇಬ್ಬರೂ ಸ್ಪೀಕರಿನತ್ತ ಕಿವಿಗೊಟ್ಟು ಕಾದರು. ಆಮೇಲೆ, ಯಾವ ನಾಚಿಕೆಯೂ ಇಲ್ಲದೆ, ನಡುವೆ ಎಲ್ಲಿಯೂ ಮುನಿಸಿಕೊಂಡಿರಲೇ ಇಲ್ಲವೇನೋ ಎಂಬಂತೆ ಗೊಣಗಪ್ಪ ಗೊಣಗತೊಡಗಿದ. ಸೊಸೆ ಅದೇ ಆದೇಶ ಹೊಡೆದಳು. ಅವನು ಒಂದಕ್ಷರವನ್ನೂ ಬಿಡದೆ ಓದಿದ. ನೆಟ್‌ವರ್ಕ್ ಕಾರ್ಡು, ಹನ್ನೊಂದು. ಸೌಂಡ್ ಕಾರ್ಡು...

"ಹತ್ತು!" ಎಂದು ಅತ್ತೆ ಅವನಿಗಿಂತ ಮೊದಲೇ ಪರದೆ ನೋಡಿ ಕೂಗಿದರು. ಸೊಸೆ ಅವರನ್ನು ಕುರ್ಚಿ ಸಮೇತ ತಬ್ಬಿಕೊಂಡಳು.

ಆಮೇಲೆ ಅವಳ ಕೈಗಳು ಎಲ್ಲೂ ನಿಲ್ಲಲಿಲ್ಲ. ವೈದ್ಯರ ಮಾತು ಒಂದು ಕಿವಿಯಲ್ಲಿ, ಗೊಣಗಪ್ಪನ ಓದು ಇನ್ನೊಂದು ಕಿವಿಯಲ್ಲಿ. ಮಧ್ಯಾಹ್ನಕ್ಕೆ ಇನ್ನೂ ಸಮಯವಿದ್ದಾಗಲೇ ವರದಿ ಹೋಯಿತು. ಊಟದ ಹೊತ್ತಿಗೆ ಉತ್ತರ ಬಂತು. ಗೊಣಗಪ್ಪ ಅದೇ ಮೂಗಿನ ದನಿಯಲ್ಲಿ ಓದಿದ: ತಪ್ಪು ಒಂದೂ ಇಲ್ಲ, ಸೋಮವಾರದಿಂದ ಕೆಲಸ ಶುರುಮಾಡಬಹುದು.

ಅತ್ತೆ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದ್ಸಲ ಓದ್ಸು," ಎಂದರು.

"ಬಂದದ್ದೇ ಬರುತ್ತೆ, ಅತ್ತೆ."

"ಬರ್ಲಿ ಬಿಡು."

ಗೊಣಗಪ್ಪ ಮೊದಲಿನಿಂದ ಓದತೊಡಗಿದ. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅತ್ತೆಯ ಎಡಗೈ ಮಡಿಲಲ್ಲಿ ಮುಷ್ಟಿ ಕಟ್ಟಿಕೊಂಡೇ ಇತ್ತು, ಮರಳಿ ಹಾಕಲು ಮರೆತ ತಿರುಪುಗಳೆಲ್ಲ ಅದರೊಳಗೆ ಬೆಚ್ಚಗಿದ್ದವು.