ಕ್ಯಾಮೆರಾ ಹಿಡಿದವರು

ಶಾಲಿನಿ ಗುಂಡಿ ಒತ್ತುತ್ತಾ ಕ್ಯಾಮೆರಾದೊಳಗಿನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಮೈಲಾಪೂರ್‌ನ ಆ ಹಳೇ ಫ್ಲ್ಯಾಟಿನ ಗೇಟಿಗೆ ಅಂಟಿಸುವ ಕಣ್ಣೀರಂಜಲಿ ಪೋಸ್ಟರಿಗೆ ದೊಡ್ಡಪ್ಪನ ಒಳ್ಳೆಯ ಮುಖವೊಂದು ಬೇಕಾಗಿತ್ತು. ದೊಡ್ಡಪ್ಪ ಪಂಢರಿನಾಥರು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು, ತಲೆಯ ಬಳಿ ದೀಪ ಉರಿಯುತ್ತಿತ್ತು.

"ಇಂಗೆ ಪಾರುಂಗೊ ದೊಡ್ಡಮ್ಮಾ. ದೊಡ್ಡಪ್ಪ ಎಷ್ಟು ಚೆನ್ನಾಗಿ ನಗ್ತಿದಾರೆ."

ರಮಾಬಾಯಿ ನೋಡಿದರು. ನಗುತ್ತಿದ್ದದ್ದು ನಿಜವೇ. ಮದುವೆಯಾದಾಗಿನಿಂದ ಮನೆಯಲ್ಲಿ ಹಲ್ಲು ಕಾಣುವಂತೆ ನಕ್ಕವರಲ್ಲ ಆ ಮನುಷ್ಯ. ಮುಂದಿನ ಫೋಟೋದಲ್ಲೂ ಅದೇ ಸಿಮೆಂಟ್ ಬೆಂಚು, ಅದೇ ಬೇವಿನ ಮರ, ಅದೇ ನಗು. ಕೂತದ್ದು ಬೆಂಚಿನ ಒಂದು ತುದಿಯಲ್ಲಿ, ಪಕ್ಕದ ಜಾಗ ಖಾಲಿ. ಆಗಷ್ಟೇ ಅಲ್ಲಿಂದ ಯಾರೋ ಎದ್ದು ಹೋಗಿ ಕ್ಯಾಮೆರಾ ಹಿಡಿದಂತಿತ್ತು.

"ಇದನ್ನ ತೆಗೆದದ್ದು ಯಾರು?"

"ತೆರಿಯಲ್ಲೆ ದೊಡ್ಡಮ್ಮಾ, ಗೊತ್ತಾಗ್ತಿಲ್ಲ. ಹಿಂದೆ ತಾಂಬರಂ ಸ್ಟೇಷನ್ ಬೋರ್ಡ್ ಕಾಣ್ತಿದೆ."

ತಾಂಬರಂ. ಶನಿವಾರ ಬಂತೆಂದರೆ ಇಸ್ತ್ರಿ ಪಂಚೆ ಉಟ್ಟು, ಹಳೇ ಆಫೀಸಿನವರನ್ನು ನೋಡಿ ಬರುತ್ತೇನೆಂದು ಅಲ್ಲಿಗೇ ಹೊರಡುತ್ತಿದ್ದರು. ಆಫೀಸಿನವರ ಒಂದೇ ಒಂದು ಫೋಟೋ ಅದರಲ್ಲಿರಲಿಲ್ಲ. ಬೆಳಗಿನಿಂದ ಸುರಿಯುತ್ತಿದ್ದ ರಮಾಬಾಯಿಯ ಕಣ್ಣೀರು ಅಲ್ಲಿಗೆ ನಿಂತುಹೋಯಿತು.

*

ರಿಟೈರಾದ ದಿನ ರೈಲ್ವೆ ಆಫೀಸಿನವರು ಕೊಟ್ಟ ಉಡುಗೊರೆ ಆ ಕ್ಯಾಮೆರಾ, ಚರ್ಮದ ಚೀಲದ ಸಮೇತ. ಮಡಿಯಲ್ಲಿದ್ದ ರಮಾಬಾಯಿ ದೇವರ ಮನೆಯಿಂದಲೇ ಕೂಗಿದ್ದರು: "ಚರ್ಮದ್ದು, ಒಳಗೆ ತರಬೇಡಿ." ಅಂದಿನಿಂದ ಕ್ಯಾಮೆರಾ ಚಪ್ಪಲಿ ಸ್ಟ್ಯಾಂಡಿನ ಮೇಲೇ ಬಿಡಾರ ಹೂಡಿತು. ಆಕೆ ಒಂದು ದಿನವೂ ಅದನ್ನು ಮುಟ್ಟಿದವರಲ್ಲ.

ಮಕ್ಕಳಿಲ್ಲದ ಮನೆ. ಇಬ್ಬರದೂ ಒಂದು ಫೋಟೋ ಇರಲಿ ಎಂದು ಪಂಢರಿನಾಥರು ಒಮ್ಮೆ ಪಕ್ಕದ ಮನೆಯವರನ್ನು ಕರೆತಂದರು. ಪರರ ಕೈಯಲ್ಲಿ ಕ್ಯಾಮೆರಾ ಕಂಡರೆ ರಮಾಬಾಯಿಗೆ ಮೈಯೆಲ್ಲ ಮುದುಡುತ್ತಿತ್ತು. ಸೆರಗು ಎಳೆದುಕೊಂಡು, ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಮುಖ ತಿರುಗಿಸಿದರು. ಗಂಡ ಮತ್ತೆ ಕೇಳಲಿಲ್ಲ. ಆ ಪೀಡೆ ತೊಲಗಿತೆಂದೇ ಆಕೆ ತಿಳಿದರು.

*

ಇವತ್ತು ಮನೆಗೇ ಸೂತಕ, ಮಡಿಯ ಮಾತೇ ಇಲ್ಲ. ರಮಾಬಾಯಿ ಶಾಲಿನಿಯ ಕೈಯಿಂದ ಕ್ಯಾಮೆರಾ ಕಿತ್ತುಕೊಂಡರು. ಶಾಲಿನಿಯ ಅಪ್ಪನಾದ ಮೈದುನ ಮುರಳೀಧರ ಬಂದು, ಆಚಾರ್ಯರು ಕಾಯುತ್ತಿದ್ದಾರೆ, ಅಣ್ಣನ ಬಾಯಿಗೆ ಅಕ್ಕಿ ಹಾಕಬೇಕು ಎಂದ. ಆಕೆ ಏಳಲಿಲ್ಲ. ಇನ್ನಾರಿಗೋ ನಕ್ಕ ಬಾಯಿಗೆ ತಾನೇಕೆ ಅಕ್ಕಿ ಹಾಕಬೇಕು?

ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸೊಬ್ಬರು ಮಾಲೆ ಹಿಡಿದು ನಿಂತರು. ನರೆತ ತಲೆ, ಅತ್ತು ಕೆಂಪಾದ ಕಣ್ಣು. ಪ್ರೇಮಮ್ಮ, ಅಣ್ಣನ ಆಫೀಸಿನಲ್ಲಿದ್ದವರು, ತಾಂಬರಂನಿಂದ ಬಂದಿದ್ದಾರೆ ಎಂದು ಮುರಳೀಧರ ಹೇಳಿದ. ತಾಂಬರಂ ಎಂದದ್ದೇ ಸಾಕಾಯಿತು. ಸಾವಿನ ಮನೆಯೆಂಬುದನ್ನೂ ನೋಡದೆ ರಮಾಬಾಯಿ ಎದ್ದು ಹೋಗಿ ಕ್ಯಾಮೆರಾವನ್ನು ಆಕೆಯ ಮುಖಕ್ಕೆ ಹಿಡಿದರು.

"ಇದನ್ನ ತೆಗೆದೋರು ನೀವೇನಾ?"

ಪ್ರೇಮಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನಾನಲ್ಲಮ್ಮಾ. ಯಾರೂ ಅಲ್ಲ. ಎದುರು ಗೋಡೆ ಮೇಲೆ ಇಟ್ಟು, ಗುಂಡಿ ಅರ್ಧ ಒತ್ತಿ ಬೆಂಚಿಗೆ ಫೋಕಸ್ ಮಾಡೋರು. ಆಮೇಲೆ ಪೂರ್ತಿ ಒತ್ತಿ ಓಡಿ ಬಂದು ಕೂತ್ಕೊಳ್ಳೋರು. ಅದು ತಾನಾಗೇ ತೆಗೆಯುತ್ತೆ."

ಯಾರೂ ಮುಟ್ಟದೆ ಫೋಟೋ ಬೀಳುವುದೆಂದರೇನು, ಸುಳ್ಳಿಗೂ ಒಂದು ಮಿತಿ ಬೇಡವೇ ಎನಿಸಿತು ರಮಾಬಾಯಿಗೆ. ಶಾಲಿನಿ ಕ್ಯಾಮೆರಾ ಈಸಿಕೊಂಡು, ಟೈಮರ್ ಅಂತ ಇರುತ್ತದೆ ಎನ್ನುತ್ತಾ ತೀರ ಹಳೆಯ ಫೋಟೋಗಳಿಗೆ ಹೋದಳು. ಒಂದರಲ್ಲಿ ಬರೀ ಬೆಂಚು. ಒಂದರಲ್ಲಿ ಪಂಚೆ ಎತ್ತಿಕೊಂಡು ಓಡುತ್ತಿರುವ ಪಂಢರಿನಾಥರ ಬೆನ್ನು. ಇನ್ನೊಂದರಲ್ಲಿ ಇನ್ನೂ ಪೂರ್ತಿ ಕೂತಿಲ್ಲ, ತಲೆಯೇ ಇಲ್ಲ.

"ನಾನು ತೆಗೀಲಾ ಸಾರ್ ಅಂದೆ," ಎಂದರು ಪ್ರೇಮಮ್ಮ. "ಬೇಡ, ಕಲೀತಿದೀನಿ ಅಂದ್ರು. ಬೇರೆಯವರು ಹಿಡಿದ್ರೆ ನಮ್ಮನೆಯವಳು ಮುಖ ತಿರುಗಿಸ್ತಾಳೆ, ಯಾರೂ ಹಿಡೀದೆ ಇದ್ರೆ ಪಕ್ಕದಲ್ಲಿ ಕೂತಾಳೇನೋ ಅಂದ್ರು. ಮೈಲಾಪೂರ್‌ನಲ್ಲಿ ಹೀಗೆ ಓಡಾಡಿದ್ರೆ ನೋಡಿದವರು ನಗ್ತಾರಂತೆ."

ರಮಾಬಾಯಿಗೆ ಮೊದಲು ಬಂದದ್ದು ಸಿಟ್ಟು. ಕಲಿತ ಮೇಲೆ ಬಂದು ಕೇಳಬಾರದಿತ್ತೇ? ಕೇಳಿದ್ದರೆ ತಾನು ಏನೆನ್ನುತ್ತಿದ್ದೆ ಎಂಬುದು ಮರುಕ್ಷಣವೇ ಹೊಳೆಯಿತು. ಆಗ ಪ್ರೇಮಮ್ಮನ ತೋಳು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟರು.

ಅತ್ತು ಮುಗಿದ ಮೇಲೆ ಹೋಗಿ ಗಂಡನ ಬಾಯಿಗೆ ಅಕ್ಕಿ ಹಾಕಿದರು. ಆದರೆ ಅಲ್ಲಿಂದ ಏಳಲಿಲ್ಲ.

"ಶಾಲಿನಿ, ಅದನ್ನ ಆ ಸ್ಟೂಲ್ ಮೇಲಿಡು. ತಾನಾಗೇ ತೆಗೆಯೋ ಹಾಗೆ ಮಾಡು."

ಇದು ಪದ್ಧತಿಯಲ್ಲ ಎಂದು ಆಚಾರ್ಯರು ಗೊಣಗಿದರು. ಕೆಳಗೆ ವ್ಯಾನ್ ಬಂದು ನಿಂತಿದೆ ಅತ್ತಿಗೆ ಎಂದ ಮುರಳೀಧರ. ತಾನೇ ಹಿಡಿದು ತೆಗೆಯುತ್ತೇನೆ ಎಂದಳು ಶಾಲಿನಿ.

"ಯಾರೂ ಹಿಡೀಬೇಡಿ. ನೀನೂ ಆ ಕಡೆ ಹೋಗು."

ಎಲ್ಲರೂ ಗೋಡೆಯತ್ತ ಸರಿದರು. ಕ್ಯಾಮೆರಾದ ಕೆಂಪು ದೀಪ ಮಿಣುಕತೊಡಗಿತು. ರಮಾಬಾಯಿ ತಲೆಯ ಮೇಲಿನ ಸೆರಗು ಜಾರಿಸಿ, ಚಾಪೆಯ ಮೇಲೆ ಗಂಡನಿಗೆ ಇನ್ನಷ್ಟು ಹತ್ತಿರ ಸರಿದು, ಮುಖ ಎತ್ತಿ ಆ ದೀಪವನ್ನೇ ನೋಡಿದರು.